ನಲವತ್ತಮೂರನೇ ಚೀಟಿ

“ಮೂವತ್ತೊಂದು ವರ್ಷ ಸರ್ವೀಸ್ ಮಾಡಿದೀನಿ. ನಮ್ಮನೇಲಿ ನಂದು ಅಂತ ಒಂದು ಸೂಜಿ ತೋರಿಸಿ ನೋಡೋಣ. ತೋರಿಸಿದವರ ಮನೆಗೆ ಬದುಕಿರೋವರೆಗೂ ನೀರು ಹೊರ್ತೀನಿ!”

ಕಟ್ಟಡ ಪರವಾನಗಿ ಕಚೇರಿಯ ಸಾಹೇಬರು ಈ ಮಾತನ್ನು ದಿನಕ್ಕೆ ಮೂರು ಸಲವಾದರೂ ಹೇಳುತ್ತಿದ್ದರು. ಬೆಳಿಗ್ಗೆ ಹೇಳಿದ್ದು ಊರೆಲ್ಲ ಸುತ್ತಿ ಮಧ್ಯಾಹ್ನ ಅವರ ಕಿವಿಗೇ ವಾಪಸು ಬಂದಾಗ, ಯಾರೋ ತಮ್ಮನ್ನು ಹೊಗಳುತ್ತಿದ್ದಾರೆಂದು ಇನ್ನಷ್ಟು ಉಬ್ಬುತ್ತಿದ್ದರು. ಹೇಳುವಾಗ ಅವರು ಕೂತಿರುತ್ತಿದ್ದ ಸೋಫಾ ಎಷ್ಟು ಮೆತ್ತಗಿತ್ತೆಂದರೆ, ಒಮ್ಮೆ ವಿಮಾ ಏಜೆಂಟನೊಬ್ಬ ಅದರಲ್ಲಿ ಕೂತು ಕುತ್ತಿಗೆಯವರೆಗೆ ಹೂತುಹೋಗಿ, ಅವನನ್ನು ಮೇಲೆತ್ತಲು ಇಬ್ಬರು ಆಳು ಮತ್ತು ಒಂದು ಹಗ್ಗ ಬೇಕಾಯಿತು. ಅವನ ಎಡಗಾಲಿನ ಚಪ್ಪಲಿ ಇವತ್ತಿಗೂ ಸಿಕ್ಕಿಲ್ಲ.

ಆದರೂ ಸಾಹೇಬರ ಮಾತು ಸುಳ್ಳಲ್ಲ. ಸೋಫಾ ಅವರದ್ದಲ್ಲ, ಟೈಲ್ಸ್ ಅಂಗಡಿಯವನದು. ಫ್ರಿಜ್ಜು ಸಿಮೆಂಟ್ ಏಜೆಂಟನದು. ಕಾರು ಕಬ್ಬಿಣದ ವ್ಯಾಪಾರಿಯ ಅತ್ತೆಯದು. ಆ ಅತ್ತೆಗೆ ಕಾರು ಹೊಡೆಯಲು ಬರುವುದಿಲ್ಲ, ತನ್ನ ಹೆಸರಲ್ಲಿ ಕಾರಿದೆಯೆಂದು ಗೊತ್ತೂ ಇರಲಿಲ್ಲ. ಕೈಗಡಿಯಾರ, ಕನ್ನಡಕ, ಬಾಗಿಲಲ್ಲಿ ಕಟ್ಟಿದ್ದ ಕರುವಿನಷ್ಟು ಎತ್ತರದ ನಾಯಿ, ಎಲ್ಲಕ್ಕೂ ಬೇರೆ ಬೇರೆ ಯಜಮಾನರು. ಸಾಹೇಬರ ಮೇಲ್ಸಾಲಿನ ಹಲ್ಲುಸೆಟ್ಟು ಸಹ ಹಲ್ಲಿನ ಡಾಕ್ಟರದು. ಕ್ಲಿನಿಕ್ಕಿನ ಹಿಂದಿನ ಗಲ್ಲಿಯನ್ನೂ ಸೇರಿಸಿಕೊಂಡು ಡಾಕ್ಟರು ಮಾಡಿಸಿದ ನಕ್ಷೆಗೆ ಒಪ್ಪಿಗೆ ಸಿಕ್ಕಿದ ವಾರದಲ್ಲಿ ಆ ಹಲ್ಲು ಸಾಹೇಬರ ಬಾಯಿ ಸೇರಿತ್ತು. ಇನ್ನು ಮನೆ? ಅದು ಮಹಡಿಯಣ್ಣನ ಭಾಮೈದನದು. ಮಹಡಿಯಣ್ಣ ಅಂದರೆ ಊರಿನ ದೊಡ್ಡ ಗುತ್ತಿಗೆದಾರ. ನಕ್ಷೆಯಲ್ಲಿ ನಾಲ್ಕು ಮಹಡಿ ತೋರಿಸಿ ಆರು ಕಟ್ಟುವವನು. ಕೇಳಿದರೆ, “ಗಾರೆ ಮಿಕ್ಕಿತ್ತು ಸಾರ್, ಬಿಸಾಡೋಕೆ ಮನಸ್ಸು ಬರಲಿಲ್ಲ” ಅನ್ನುವವನು.

ಹೀಗಾಗಿ ಊರವರು ಅವರಿಗೆ ಎರವಲು ಸಾಹೇಬರು ಅಂತ ಹೆಸರಿಟ್ಟಿದ್ದರು. ಸಾಹೇಬರಿಗೆ ಅದು ಬಿರುದಿನ ಹಾಗೆ ಕೇಳುತ್ತಿತ್ತು.

ಅವರು ಹುಟ್ಟುತ್ತಲೇ ಹೀಗಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಮೇಜಿನ ಮೇಲಿಟ್ಟ ಲಕೋಟೆಯನ್ನು ಎರಡನೇ ಮಹಡಿಯ ಕಿಟಕಿಯಿಂದ ಆಚೆಗೆ ಎಸೆದಿದ್ದರು. ಅದು ಕೆಳಗೆ ಚಹಾ ಮಾರುವವನ ಕೆಟ್ಟಲಿಗೆ ಬಿತ್ತು. ಅವನು ಮರುದಿನದಿಂದ ಹತ್ತು ವರ್ಷ ಅದೇ ಕಿಟಕಿಯ ಕೆಳಗೆ, ಮುಚ್ಚಳ ತೆಗೆದಿಟ್ಟುಕೊಂಡೇ ಚಹಾ ಕಾಸಿದ. ಲಂಚ ಮುಟ್ಟದ ಮಹಾನುಭಾವ ಎಂದು ಪತ್ರಿಕೆಯಲ್ಲಿ ಫೋಟೋ ಬಂತು. ನಿಜ ಏನೆಂದರೆ, ಹಿಂದಿನ ತಿಂಗಳು ಅದೇ ಕುರ್ಚಿಯಲ್ಲಿದ್ದ ಹಳೆಯ ಸಾಹೇಬರು ಪೊಲೀಸರು ಪುಡಿ ಹಚ್ಚಿ ಕಳಿಸಿದ್ದ ನೋಟು ತೆಗೆದುಕೊಂಡು ಸಿಕ್ಕಿಬಿದ್ದಿದ್ದರು; ಹಿಡಿಯಲು ಬಂದವರು ಅವರ ಕೈಯನ್ನು ನೀರಿನ ಲೋಟದಲ್ಲಿ ಅದ್ದಿಸಿದಾಗ ನೀರೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ನಮ್ಮ ಸಾಹೇಬರು ಅದನ್ನು ಕಣ್ಣಾರೆ ನೋಡಿದ್ದರು. ಅವತ್ತಿನಿಂದ ಅವರಿಗೆ ಗುಲಾಬಿ ಬಣ್ಣ ಕಂಡರೆ ಭೇದಿ.

ಆಮೇಲೆ ಅವರು ಅಪರಾಧ ಕಾನೂನಿನ ದಪ್ಪ ಪುಸ್ತಕ ತರಿಸಿ, ಪರೀಕ್ಷೆಗೆ ಕೂತವರ ಹಾಗೆ ಓದಿದರು. ಸರ್ಕಾರಿ ನೌಕರ ಹಣ ತೆಗೆದುಕೊಂಡರೆ ತಪ್ಪು, ಉಡುಗೊರೆ ತೆಗೆದುಕೊಂಡರೆ ತಪ್ಪು, ಹೆಂಡತಿ ಮಕ್ಕಳ ಕೈಯಲ್ಲಿ ತೆಗೆಸಿಕೊಂಡರೂ ತಪ್ಪು. ಅಲ್ಲಿಗೆ ಪುಸ್ತಕ ಮುಚ್ಚಿದರು. ಮುಂದಿನ ಪುಟ ತಿರುಗಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

“ತಗೊಂಡ್ರೆ ತಾನೆ ಲಂಚ? ನಾನು ತಗೊಳ್ಳೋದೇ ಇಲ್ಲ. ಎರವಲು ತರ್ತೀನಿ, ಅಷ್ಟೆ,” ಅಂದರು.

ಅದಕ್ಕೊಂದು ಪದ್ಧತಿ ಮಾಡಿದರು. ಮನೆಗೆ ಏನೇ ಬರಲಿ, ಅದರ ಹಿಂದೆ ಒಂದು ಚೀಟಿ. ಒಕ್ಕಣೆ ಅವರೇ ಬರೆದದ್ದು: “ಈ ಕೆಳಕಂಡ ವಸ್ತುವು ನನ್ನ ಸ್ವಂತದ್ದಾಗಿದ್ದು, ಸ್ನೇಹಪೂರ್ವಕವಾಗಿ ಉಪಯೋಗಕ್ಕೆ ಕೊಟ್ಟಿರುತ್ತೇನೆ. ನಾನು ಕೇಳಿದ ತಕ್ಷಣ ಹಿಂತಿರುಗಿಸತಕ್ಕದ್ದು.” ಕೆಳಗೆ ಕೊಟ್ಟವನ ರುಜು, ಎರಡು ಸಾಕ್ಷಿ, ತಾರೀಕು, ನಂಬರು. ಒಂದು ಪ್ರತಿ ಕೊಟ್ಟವನಿಗೆ, ಇನ್ನೊಂದು ಸಾಹೇಬರ ಕೆಂಪು ಕಡತಕ್ಕೆ. ಕಚೇರಿಯ ಕಡತಗಳು ಕಳೆಯುತ್ತಿದ್ದವು, ಗೆದ್ದಲು ತಿನ್ನುತ್ತಿತ್ತು, ಒಮ್ಮೆ ಒಂದು ಬೆಕ್ಕು ಮರಿ ಕೂಡ ಹಾಕಿತ್ತು. ಈ ಕಡತಕ್ಕೆ ಮಾತ್ರ ಸಾಹೇಬರು ವರ್ಷಕ್ಕೊಮ್ಮೆ ಹೊಸ ರಟ್ಟು ಹಾಕಿಸುತ್ತಿದ್ದರು.

ಹೀಗೆ ನಲವತ್ತೆರಡು ಚೀಟಿಗಳಾದ ಮೇಲೆ ಒಂದು ಭಾನುವಾರ ಸಾಹೇಬರು ಕಡತ ಹಿಡಿದು ಮನೆಯೆಲ್ಲ ತಿರುಗಿ ತಾಳೆ ನೋಡಿದರು. ಹಾಲ್ ಸರಿ. ಕೋಣೆ ಸರಿ. ಅಡಿಗೆಮನೆ ಸರಿ. ಹಿತ್ತಲ ಕಡೆಯ ಕಿಟಕಿಯ ಹತ್ತಿರ ಬಂದು ನಿಂತರು. ಅಲ್ಲಿ ಹೆಂಡತಿ ಹೊಲಿಗೆ ಮೆಷಿನ್ ಮುಂದೆ ಕೂತು ಯಾರದೋ ಶಾಲೆ ಯೂನಿಫಾರ್ಮಿಗೆ ಕಾಲರ್ ಹಚ್ಚುತ್ತಿದ್ದರು.

ಆ ಮೆಷಿನ್ ಆಕೆಯ ಸ್ವಂತದ್ದು. ಮದುವೆಗೆ ಮುಂಚೆ ಮೂರು ವರ್ಷ ಒಂದು ಅಂಗಡಿಯಲ್ಲಿ ಗುಂಡಿ ಹಚ್ಚಿ, ಕಾಜಾ ಹೊಲಿದು, ಅದರಲ್ಲಿ ಉಳಿಸಿ ಕೊಂಡದ್ದು. ಸಾಹೇಬರ ಮನೆಯಲ್ಲಿ ಸೋಫಾ ಬರಲಿ ಕಾರು ಬರಲಿ, ಆಕೆ ಹೊಲಿಗೆ ಬಿಟ್ಟಿರಲಿಲ್ಲ. ಬೀದಿಯವರು ಟೈಲರಮ್ಮ ಅನ್ನುತ್ತಿದ್ದರು. ಸೋಫಾದಲ್ಲಿ ಆಕೆ ಒಂದು ದಿನವೂ ಕೂತವರಲ್ಲ. “ಯಾರದೋ ಮೈಮೇಲೆ ಕೂತ ಹಾಗಾಗುತ್ತೆ,” ಅನ್ನುತ್ತಿದ್ದರು. ಆಕೆ ಕೂರುವುದು ಮೆಷಿನ್ನಿನ ಮರದ ಸ್ಟೂಲಿನ ಮೇಲೆ.

“ಏನೇ, ಇದಕ್ಕೆ ಚೀಟಿ ಎಲ್ಲಿ?” ಅಂದರು ಸಾಹೇಬರು.

“ಯಾವುದಕ್ಕೆ?”

“ಈ ಮೆಷಿನ್‌ಗೆ.”

“ಇದು ನಂದು ಕಣ್ರೀ. ನನ್ನ ವಸ್ತು ನಂಗೆ ಎರವಲು ಕೊಡೋರು ಯಾರು?”

“ಅದೇ ತೊಂದರೆ,” ಸಾಹೇಬರು ಹಣೆ ಒತ್ತಿಕೊಂಡರು. “ಮನೇಲಿ ಎಲ್ಲಾ ಬೇರೆಯವರದು, ಒಂದು ಮಾತ್ರ ಸ್ವಂತದ್ದು ಅಂದ್ರೆ ನೋಡೋರಿಗೆ ಅನುಮಾನ ಬರುತ್ತೆ. ಇದನ್ನ ಕೊಳ್ಳೋಕೆ ದುಡ್ಡೆಲ್ಲಿಂದ ಬಂತು ಅಂತಾರೆ.”

“ಗುಂಡಿ ಹಚ್ಚಿ ಬಂತು ಅಂತ ಹೇಳಿ!”

“ಅದನ್ನ ಯಾರು ನಂಬ್ತಾರೆ? ಕಡತ ಅಂದ್ರೆ ಮಡಿಸಿದ ಬಟ್ಟೆ ಇದ್ದ ಹಾಗೆ ಕಣೇ. ಒಂದು ತುದಿ ಆಚೆ ಇಣುಕಿದ್ರೂ ಅಸಹ್ಯ.”

ಮೆಷಿನ್ ಕೊಂಡ ಅಂಗಡಿಯ ರಸೀದಿಯನ್ನು ಟೈಲರಮ್ಮ ಅಳತೆ ಪುಸ್ತಕದಲ್ಲಿ ಜೋಪಾನ ಮಾಡಿದ್ದರು. ಸಾಹೇಬರು ಅದನ್ನು ಹುಡುಕಿ ತೆಗೆದು, ಹೆಂಡತಿ ಅಯ್ಯೋ ಅನ್ನುವುದರೊಳಗೆ ಹರಿದು ಹದಿನಾರು ಚೂರು ಮಾಡಿದರು. ಮರುದಿನ ಮಹಡಿಯಣ್ಣನನ್ನು ಕರೆಸಿ, ಹೊಲಿಗೆ ಮೆಷಿನ್ ತನ್ನದೆಂದು ಅವನ ಕೈಯಲ್ಲಿ ರುಜು ಹಾಕಿಸಿದರು. ಚೀಟಿ ನಂಬರ್ ನಲವತ್ತಮೂರು.

“ಅಕ್ಕ, ನಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ. ಸಾಹೇಬ್ರು ಹೇಳಿದ್ರು ಅಂತ ಹಾಕಿದೆ, ಬೇಜಾರು ಮಾಡ್ಕೋಬೇಡಿ,” ಅಂದ ಮಹಡಿಯಣ್ಣ.

ಟೈಲರಮ್ಮ ಮುಖ ತಿರುಗಿಸಿ ಪೆಡಲ್ ತುಳಿದರು. ಗಂಡನ ಜೊತೆ ಹನ್ನೊಂದು ದಿನ ಮಾತಾಡಲಿಲ್ಲ. ಸಾಹೇಬರಿಗೆ ಅದು ಒಂಬತ್ತನೇ ದಿನ ಗೊತ್ತಾಯಿತು.

ಸಾಹೇಬರು ನಿವೃತ್ತರಾದರು. ಕಚೇರಿಯವರು ಹಾರ ಹಾಕಿದರು, ಸಾಹೇಬರು ಸೂಜಿಯ ಮಾತು ಮತ್ತೊಮ್ಮೆ ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿ ಮೇಲಿನ ಫ್ಯಾನು ನೋಡಿದರು.

ಅದಾಗಿ ಹದಿನೈದು ದಿನಕ್ಕೆ ಒಂದು ದೂರು ಹೋಯಿತು. ಬರೆದವರು ಒಬ್ಬ ನಿವೃತ್ತ ಶಾಲಾ ಟೀಚರಮ್ಮ. ಅವರಿಗೆ ಲಂಚದ ಮೇಲೆ ದ್ವೇಷವೇನೂ ಇರಲಿಲ್ಲ. ಬಟ್ಟೆ ಒಣಗುತ್ತಿರಲಿಲ್ಲ, ಅಷ್ಟೆ. ಪಕ್ಕದಲ್ಲಿ ಮಹಡಿಯಣ್ಣ ಕಟ್ಟಿದ ಐದನೇ, ಆರನೇ ಮಹಡಿ ಬಿಸಿಲನ್ನೆಲ್ಲ ನುಂಗಿ, ಹೋದ ವರ್ಷ ಒಗೆದು ಹಾಕಿದ ಕಂಬಳಿ ಇನ್ನೂ ಒದ್ದೆಯಾಗಿಯೇ ಇದೆ, ಅದರಲ್ಲಿ ಅಣಬೆ ಎದ್ದಿವೆ, ಈ ಮಹಡಿಗಳಿಗೆ ಒಪ್ಪಿಗೆ ಕೊಟ್ಟವರು ಯಾರು ಎಂದು ಕೇಳಿ ಪತ್ರ ಬರೆದಿದ್ದರು. ಕಂಬಳಿಯ ಒಂದು ತುಂಡನ್ನೂ ಲಗತ್ತಿಸಿದ್ದರು.

ಹಾಗೆ ಬಂದವರು ಲಂಚದ ಕೇಸು ನೋಡುವ ತನಿಖಾಧಿಕಾರಿ ಮೇಡಂ. ಸಣಕಲು ಹೆಂಗಸು, ಹೆಗಲಿಗೆ ಬಟ್ಟೆ ಚೀಲ, ಚೀಲದಲ್ಲಿ ತನ್ನದೇ ನೀರಿನ ಬಾಟ್ಲಿ. ಸಾಹೇಬರು ಚಹಾ ತರಿಸಲೇ ಅಂದಾಗ, “ಬೇಡ ಸಾರ್, ಕುಡಿದೇ ಬಂದಿದೀನಿ,” ಅಂದು, ಸೋಫಾ ಬಿಟ್ಟು ಬಾಗಿಲ ಮೆಟ್ಟಿಲ ಮೇಲೆ ಕೂತರು.

ಸಾಹೇಬರು ಕೆಂಪು ಕಡತವನ್ನು ಹೊಸ ಮೊಮ್ಮಗುವನ್ನು ತೋರಿಸುವವರ ಹಾಗೆ ಎರಡೂ ಕೈಯಲ್ಲಿ ತಂದು ಮಡಿಲಿಗಿಟ್ಟರು. “ಓದಿ ಮೇಡಂ. ನಂದು ಅಂತ ಒಂದು ಸೂಜಿ ಸಿಕ್ಕಿದ್ರೆ ಹೇಳಿ.”

ಮೇಡಂ ನಲವತ್ತಮೂರು ಚೀಟಿಗಳನ್ನೂ ಓದಿದರು. ಓದುತ್ತ ಓದುತ್ತ ಅವರ ಮುಖ ಅರಳಿತು. “ಎಷ್ಟು ಚೆನ್ನಾಗಿ ಇಟ್ಟಿದೀರಿ ಸಾರ್! ಹನ್ನೆರಡು ವರ್ಷದಲ್ಲಿ ಇಂಥ ಕಡತ ನೋಡಿಲ್ಲ,” ಅಂದರು. ಸಾಹೇಬರು ಆ ಹೊಗಳಿಕೆಯಲ್ಲಿ ಒಂದು ವಾರ ತೇಲಾಡಿದರು. ಆ ವಾರದಲ್ಲೇ ಅವರ ಪಿಂಚಣಿ ತಡೆಹಿಡಿದ ಕಾಗದ ಬಂತು. ಅದನ್ನು ಅವರು ಗುಮಾಸ್ತನ ಕೈತಪ್ಪು ಅಂದುಕೊಂಡರು.

ಮೇಡಂ ಅತ್ತ ಚೀಟಿ ಬರೆದುಕೊಟ್ಟ ಒಬ್ಬೊಬ್ಬರಿಗೂ ಒಂದು ಪತ್ರ ಹಾಕಿದ್ದರು. ಎರಡೇ ಪ್ರಶ್ನೆ. ಈ ವಸ್ತು ನಿಮ್ಮದೇ ಹೌದೇ? ಹೌದಾದರೆ, ಇಷ್ಟು ವರ್ಷ ಯಾಕೆ ವಾಪಸು ಕೇಳಲಿಲ್ಲ?

ಅಲ್ಲ ಅಂದರೆ ಲಂಚ ಕೊಟ್ಟವನಾಗಬೇಕು. ಹೌದು ಅಂದರೆ ಈಗಿಂದೀಗಲೇ ಕೇಳಬೇಕು. ಜೊತೆಗೆ, ಸಾಹೇಬರ ಕೈಯಲ್ಲಿ ಈಗ ಮೊಹರಿಲ್ಲ, ಅವರಿಂದ ಆಗಬೇಕಾದ್ದು ಏನೂ ಇಲ್ಲ. ಎಲ್ಲರೂ ಒಂದೇ ಉಸಿರಿನಲ್ಲಿ “ಹೌದು, ನಮ್ಮದೇ” ಎಂದು ಬರೆದು ರುಜು ಹಾಕಿ ಕಳಿಸಿ, ಮರುದಿನ ಬೆಳಿಗ್ಗೆ ಲಾರಿ ತಂದರು.

ಅವತ್ತು ನಮ್ಮ ಬೀದಿಯಲ್ಲಿ ನಿಂತ ಲಾರಿಗಳ ಸಾಲು ಎಷ್ಟು ಉದ್ದವಿತ್ತೆಂದರೆ, ಕೊನೆಯ ಲಾರಿ ಪಕ್ಕದ ಊರಲ್ಲಿತ್ತು. ಮೇಡಂ ಬಾಗಿಲಲ್ಲಿ ನಿಂತು ಪಟ್ಟಿಯಲ್ಲಿ ಒಂದೊಂದೇ ಗುರುತು ಹಾಕುತ್ತ, ಯಾರು ಏನು ಒಯ್ದರೆಂದು ಬರೆದುಕೊಳ್ಳುತ್ತಿದ್ದರು.

“ಸಾರ್, ಕೇಳಿದ ತಕ್ಷಣ ಅಂತ ನೀವೇ ಬರೆದಿದೀರಲ್ಲ, ಕೇಳ್ತಾ ಇದೀನಿ,” ಅಂದ ಟೈಲ್ಸ್ ಅಂಗಡಿಯವನು, ಸೋಫಾದ ಒಂದು ತುದಿ ಹಿಡಿದು.

“ಆದ್ರೂ ಒಂದು ಮಾತು ಹೇಳಿ ಬರೋದಲ್ವೇನಪ್ಪ? ನಾನಿನ್ನೂ ಅದರ ಮೇಲೇ ಕೂತಿದೀನಿ!”

“ಏಳಿ ಸಾರ್, ಸ್ವಲ್ಪ ಅರ್ಜೆಂಟು.”

ಫ್ರಿಜ್ಜು ಹೋಯಿತು. ಮಂಚ ಹೋಯಿತು. ಕಿಟಕಿಯ ಪರದೆ ಬಿಚ್ಚಿಕೊಂಡು ಹೋದರು. ನಾಯಿ ತನ್ನ ಹಳೆಯ ಯಜಮಾನನನ್ನು ಕಂಡು ಕುಣಿದಾಡಿ, ಸಾಹೇಬರ ಕಡೆ ತಿರುಗಿಯೂ ನೋಡದೆ ಲಾರಿ ಹತ್ತಿತು. ಕನ್ನಡಕದವನು ಮೂಗಿನ ಮೇಲಿಂದಲೇ ಎತ್ತಿಕೊಂಡ. ಹಲ್ಲಿನ ಡಾಕ್ಟರು ಮಾತ್ರ ಸ್ವಲ್ಪ ಸಂಕೋಚಪಟ್ಟು, “ನೀವೇ ತೆಗೆದುಕೊಟ್ಟುಬಿಡಿ ಸಾರ್, ನಾನು ಆ ಕಡೆ ತಿರುಗಿ ನಿಲ್ತೀನಿ,” ಅಂದರು. ಸಾಹೇಬರು ತೆಗೆದುಕೊಟ್ಟರು. ಅಲ್ಲಿಂದ ಮುಂದೆ ಅವರ ಮಾತಿನಲ್ಲಿ ಗಾಳಿಯೇ ಹೆಚ್ಚು. ಓದುವವರ ಅನುಕೂಲಕ್ಕೆ ನಾನು ಗಾಳಿ ಬಿಟ್ಟು ಮಾತನ್ನಷ್ಟೇ ಬರೆಯುತ್ತಿದ್ದೇನೆ.

ಮಧ್ಯಾಹ್ನದ ಹೊತ್ತಿಗೆ ಮನೆ ಎಷ್ಟು ಖಾಲಿಯಾಯಿತೆಂದರೆ, ಸಾಹೇಬರು ಒಮ್ಮೆ ಕೆಮ್ಮಿದ್ದು ನಾಲ್ಕು ಕೋಣೆ ಸುತ್ತಿ ಬಂದು ಅವರನ್ನೇ ಬೆಚ್ಚಿಬೀಳಿಸಿತು. ಸಂಜೆಯೊಳಗೆ ಮನೆಯನ್ನೂ ಬಿಟ್ಟುಕೊಡಬೇಕಿತ್ತು. ಹಿತ್ತಲ ಕಿಟಕಿಯಿಂದ ಮಾತ್ರ ಟಕಟಕ ಸದ್ದು ಬರುತ್ತಲೇ ಇತ್ತು. ಟೈಲರಮ್ಮ ಯೂನಿಫಾರ್ಮ್ ಹೊಲಿಯುತ್ತಿದ್ದರು.

“ಅಂಗಡಿ ಬೀದೀಲಿ ಒಂದು ಕೋಣೆ ನೋಡಿ ಬಂದಿದೀನಿ,” ಅಂದರು ಆಕೆ, ತಲೆ ಎತ್ತದೆ. “ಸಂಜೆ ಅಲ್ಲಿಗೆ ಹೋಗೋಣ. ನಿಮ್ಮ ಪಿಂಚಣಿ ಇಲ್ಲದಿದ್ರೆ ಬೇಡ. ಮೆಷಿನ್ ಒಂದಿದ್ರೆ ಬಾಡಿಗೆನೂ ಕಟ್ತೀನಿ, ಇಬ್ಬರ ಹೊಟ್ಟೆಗೂ ಆಗುತ್ತೆ.”

ಆಗಲೇ ಮಹಡಿಯಣ್ಣ ಇಬ್ಬರು ಆಳುಗಳ ಜೊತೆ ಒಳಗೆ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಸುಕುತ್ತ ನಿಂತ.

“ಅಕ್ಕ… ನಲವತ್ತಮೂರು…”

ಪೆಡಲ್ ನಿಂತಿತು.

“ಮುಟ್ಟು ನೋಡೋಣ,” ಅಂದರು ಟೈಲರಮ್ಮ. “ಸೂಜಿಗೆ ದಾರ ಪೋಣಿಸು ಮೊದ್ಲು. ಪೋಣಿಸಿದ್ರೆ ತಗೊಂಡು ಹೋಗು.”

“ನಂಗೆ ಬೇಡ ಅಕ್ಕ ಇದು! ಆದ್ರೆ ಪಟ್ಟೀಲಿದೆ. ಬಿಟ್ಟು ಹೋದ್ರೆ ಲಂಚ ಕೊಟ್ಟೆ ಅಂತ ನನ್ನ ಹಿಡೀತಾರೆ. ನನ್ನ ಪರಿಸ್ಥಿತಿನೂ ಸ್ವಲ್ಪ ನೋಡಿ.”

ಟೈಲರಮ್ಮ, ಪಟ್ಟಿ ಹಿಡಿದು ಅವನ ಹಿಂದೆಯೇ ಬಂದಿದ್ದ ಮೇಡಂ ಕಡೆ ತಿರುಗಿದರು. “ಇದು ನನ್ನ ದುಡಿಮೆದು ತಾಯಿ.”

“ಇರಬಹುದಮ್ಮ. ರಸೀದಿ ಇದೆಯಾ?”

“ಇತ್ತು. ಹರಿದವರು ಅಲ್ಲಿ ನಿಂತಿದಾರೆ.”

ಎಲ್ಲರೂ ಸಾಹೇಬರನ್ನು ನೋಡಿದರು. ಕನ್ನಡಕ, ಹಲ್ಲು, ಗಡಿಯಾರ ಯಾವುದೂ ಇಲ್ಲದೆ ಅವರು ಗೋಡೆಗೊರಗಿ ನಿಂತಿದ್ದರು. ಮೂವತ್ತೊಂದು ವರ್ಷ ಅವರ ಬೆನ್ನಿಗೆ ಯಾವುದಾದರೂ ಕುರ್ಚಿ ಇರುತ್ತಿತ್ತು. ಬರೀ ಗೋಡೆ ಇದೇ ಮೊದಲು.

“ಹೇಳ್ರೀ,” ಅಂದರು ಟೈಲರಮ್ಮ. “ಈ ಚೀಟಿ ಸುಳ್ಳು ಅಂತ ಒಂದು ಮಾತು ಹೇಳಿ. ಸಾಕು.”

ಒಂದು ಮಾತು. ಆದರೆ ಆ ಒಂದು ಮಾತಿನ ಹಿಂದೆ ಇನ್ನೂ ನಲವತ್ತೆರಡು ಸಾಲಾಗಿ ನಿಂತಿದ್ದವು. ಒಂದು ಚೀಟಿ ಸುಳ್ಳಾದರೆ, ಅದೇ ಕೈ, ಅದೇ ಒಕ್ಕಣೆ, ಅದೇ ಎರಡು ಸಾಕ್ಷಿಗಳ ಉಳಿದ ಚೀಟಿಗಳು ನಿಜವಾಗುವುದು ಹೇಗೆ? ಸುಮ್ಮನಿದ್ದರೆ ಕಡತ ಉಳಿಯುತ್ತದೆ, ಮೆಷಿನ್ ಹೋಗುತ್ತದೆ. ಬಾಯಿ ಬಿಟ್ಟರೆ ಮೆಷಿನ್ ಉಳಿಯುತ್ತದೆ, ತಾವು ಹೋಗಬೇಕಾಗುತ್ತದೆ.

“ಅಲ್ಲ ಕಣೇ, ಕೇಳಿಲ್ಲಿ,” ಅಂದರು ಸಾಹೇಬರು. “ಬೇಕಾದ್ರೆ ಮಹಡಿಯಣ್ಣ ಇದನ್ನ ಒಯ್ದು, ನಾಳೆ ನಿನಗೇ ಹೊಸ ಚೀಟಿ ಮಾಡಿ ಎರವಲು…”

ಟೈಲರಮ್ಮ ನೋಡಿದ ನೋಟಕ್ಕೆ ಗೋಡೆಯ ಸುಣ್ಣ ಉದುರಿತು. ಮಹಡಿಯಣ್ಣನ ಆಳುಗಳು ಎರಡು ಹೆಜ್ಜೆ ಹಿಂದೆ ಸರಿದರು. ಆಕೆ ಹೊಲಿಯುತ್ತಿದ್ದ ಅಂಗಿಯನ್ನು ಸೂಜಿಯಿಂದ ಬಿಡಿಸಿ, ದಾರ ಹಲ್ಲಲ್ಲಿ ಕಡಿದು, ಮಡಿಸಿ ಎದೆಗವಚಿಕೊಂಡು, ಸ್ಟೂಲಿನಿಂದ ಎದ್ದು ನಿಂತರು. “ತಗೊಂಡು ಹೋಗಪ್ಪ,” ಅಂದರು.

ಆಳುಗಳು ಮೆಷಿನ್ ಎತ್ತಿದರು. ಬಾಗಿಲ ಹತ್ತಿರ ಬಂದಾಗ ಅದರ ಚಕ್ರ ತಾನಾಗಿ ಒಂದು ಸುತ್ತು ತಿರುಗಿ ಟಕ್ ಅಂದಿತು.

“ಇಳಿಸ್ರೋ!” ಅಂದರು ಸಾಹೇಬರು.

ಆಳುಗಳು ನಿಂತರು.

“ಇಳಿಸಿ ಅಂದೆ. ಅದು ನನ್ನ ಹೆಂಡ್ತೀದು. ಚೀಟಿ ಸುಳ್ಳು. ಬರೆದೋನು ನಾನು, ರಸೀದಿ ಹರಿದೋನೂ ನಾನು.”

“ಮಿಕ್ಕ ಚೀಟಿಗಳು?” ಮೇಡಂ ಮೆಲ್ಲಗೆ ಕೇಳಿದರು.

ಸಾಹೇಬರು ಖಾಲಿ ಹಾಲನ್ನೊಮ್ಮೆ ನೋಡಿದರು. “ಅವೂ ಅದೇ ಜಾತೀವೇ ಮೇಡಂ. ಯಾರೂ ವಾಪಸು ಕೇಳೋಕೆ ಕೊಟ್ಟಿದ್ದಲ್ಲ, ನಾನು ಹಿಂತಿರುಗಿಸೋಕೆ ತಗೊಂಡಿದ್ದೂ ಅಲ್ಲ.”

ಮಹಡಿಯಣ್ಣ ಟೋಪಿ ತಲೆಗೆ ಹಾಕಿಕೊಂಡು ಮೆಲ್ಲನೆ ಜಾರಿಕೊಳ್ಳಲು ನೋಡಿದ. ಬಾಗಿಲಲ್ಲಿ ಒಬ್ಬ ಪೊಲೀಸಪ್ಪ ಅಡ್ಡ ನಿಂತಿದ್ದ. ಆಗ ತಿಳಿಯಿತು: ಬೆಳಿಗ್ಗೆಯಿಂದ ಹೋದ ಲಾರಿ ಒಂದೂ ಮನೆ ಮುಟ್ಟಿರಲಿಲ್ಲ. ಬೀದಿಯ ತಿರುವಿನಲ್ಲಿ ಎಲ್ಲವನ್ನೂ ಠಾಣೆಯ ಅಂಗಳಕ್ಕೆ ತಿರುಗಿಸಲಾಗಿತ್ತು. ಅಲ್ಲಿ ಟೈಲ್ಸ್ ಅಂಗಡಿಯವನು ತನ್ನ ಸೋಫಾದಲ್ಲೇ ಕುತ್ತಿಗೆಯವರೆಗೆ ಹೂತುಕೊಂಡು ಹೇಳಿಕೆ ಕೊಡುತ್ತಿದ್ದ. ನಮ್ಮದೇ ಎಂದು ಬರೆದುಕೊಟ್ಟ ರುಜುಗಳೆಲ್ಲ ಮೇಡಂ ಚೀಲದಲ್ಲಿದ್ದವು.

“ನೀವು ಬಾಯಿ ಬಿಡದಿದ್ರೂ ನಡೀತಿತ್ತು ಸಾರ್,” ಅಂದರು ಮೇಡಂ. “ವಸ್ತು ಯಾರ ಹೆಸರಲ್ಲಿದೆ ಅಂತ ಕಾನೂನು ಕೇಳಲ್ಲ. ಯಾರು ಅನುಭವಿಸಿದ್ರು, ಅದಕ್ಕೆ ಬದಲಾಗಿ ಏನು ಮಾಡಿಕೊಟ್ರು ಅಂತ ಕೇಳುತ್ತೆ. ಬಾಡಿಗೆ ಕೊಡದೆ ಅಷ್ಟು ವರ್ಷ ಕಾರಲ್ಲಿ ಓಡಾಡಿದ್ದೇ ಲಂಚ. ತನಿಖೆ ಶುರುವಾದ ಮೇಲೆ ವಾಪಸು ಕೊಟ್ರೆ ಅದು ಅಳಿಸಿಹೋಗಲ್ಲ. ಕಾನೂನಿನ ಪುಸ್ತಕದಲ್ಲಿ ಉಡುಗೊರೆ ತಪ್ಪು ಅನ್ನೋದರ ಮುಂದಿನ ಪುಟದಲ್ಲೇ ಇದೆ. ನಿಮ್ಮ ಕಡತ ಇಲ್ಲದಿದ್ರೆ ನಂಗೆ ಇನ್ನೂ ಮೂರು ವರ್ಷ ಹಿಡೀತಿತ್ತು. ಇರಲಿ, ಹೇಳಿಕೆ ಬರ್ಕೊಳ್ತೀನಿ.”

ಮೇಡಂ ಕಾಗದ ತೆಗೆದು ಮೆಷಿನ್ನಿನ ಹಲಗೆಯ ಮೇಲಿಟ್ಟರು. ಆ ಮನೆಯಲ್ಲಿ ಬರೆಯಲು ಉಳಿದ ಜಾಗ ಅದೊಂದೇ. ಪೆನ್ನು ಊರಿದರು. ಅದು ಬರೆಯಲಿಲ್ಲ. ಬೆಳಿಗ್ಗೆಯಿಂದ ಗುರುತು ಹಾಕಿ ಹಾಕಿ ಅದರ ಶಾಯಿ ತೀರಿಹೋಗಿತ್ತು. ಕೊಡವಿದರು, ಊದಿದರು. ಪೊಲೀಸಪ್ಪನ ಹತ್ತಿರ ಲಾಠಿ ಮಾತ್ರ ಇತ್ತು.

ಮೆಷಿನ್ನಿಗೆ ಒಂದು ದಾರದಲ್ಲಿ ಟೈಲರಮ್ಮನ ಅಳತೆ ಬರೆಯುವ ಪೆನ್ನು ನೇತಾಡುತ್ತಿತ್ತು. ಮೇಡಂ ಅದಕ್ಕೆ ಕೈ ಚಾಚಿದರು.

ಸಾಹೇಬರು ಥಟ್ಟನೆ ಅದರ ಮೇಲೆ ಅಂಗೈ ಮುಚ್ಚಿದರು. “ಮೇಡಂ, ಅದು ನನ್ನ ಹೆಂಡ್ತಿ ಪೆನ್ನು. ನಾನು ಆರೋಪಿ, ನೀವು ಸರ್ಕಾರಿ ನೌಕರರು, ನನ್ನ ಕೇಸು ನಿಮ್ಮ ಕೈಲಿದೆ. ಸುಮ್ನೆ ಹಾಗೆ ತಗೊಳ್ಳೋ ಹಾಗಿಲ್ಲ.”

ಮೇಡಂಗೆ ಆ ದಿನ ಮೊದಲ ಸಲ ನಗು ಬಂತು. “ಎರಡು ನಿಮಿಷಕ್ಕೆ ಸಾರ್. ಬರೆದು ವಾಪಸು ಕೊಡ್ತೀನಿ.”

ಸಾಹೇಬರು ಹಲ್ಲಿಲ್ಲದ ಬಾಯಿ ಅಗಲಿಸಿ, ಅಂಗೈ ತೆಗೆದು, ಪೆನ್ನನ್ನು ದಾರದ ಸಮೇತ ಮುಂದಕ್ಕೆ ತಳ್ಳಿದರು.

“ತಗೊಳ್ಳಿ ಮೇಡಂ. ಶುರುವಾಗೋದು ಹೀಗೇನೇ.”